ಎಸ್.ಡಿ. ಬರ್ಮನ್: ಊರು ಹೋದರೂ ತಂಡ ಉಳಿಯಿತು

1975ರ ಸೆಪ್ಟೆಂಬರ್ 30. ಆಗಿನ ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್ ಫೈನಲ್ ಪಂದ್ಯ. ಎದುರಾಳಿಗಳು ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್. ಮಹಾನಗರಕ್ಕೆ ಮಹಾನಗರವೇ ಎರಡು ಹೋಳಾಗಿ ಉಸಿರು ಬಿಗಿಹಿಡಿದಿದ್ದ ದಿನ ಅದು. ಅದೇ ಹೊತ್ತಿಗೆ ದೇಶದ ಇನ್ನೊಂದು ತುದಿಯ ಮುಂಬೈಯಲ್ಲಿ ಹಿಂದಿ ಚಿತ್ರಸಂಗೀತದ ಹಿರಿಯ ನಿರ್ದೇಶಕರೊಬ್ಬರು ರೋಗಶಯ್ಯೆಯಲ್ಲಿದ್ದರು. ಮರುದಿನ ಅವರಿಗೆ 69 ವರ್ಷ ತುಂಬಲಿತ್ತು. ಅವರೇ ಸಚಿನ್ ದೇವ್ ಬರ್ಮನ್. ಚಿತ್ರರಂಗಕ್ಕೆ ಬರ್ಮನ್ ದಾದಾ, ಬಂಗಾಳಿಗಳಿಗೆ ಸಚಿನ್ ಕರ್ತಾ.

‘ಪ್ಯಾಸಾ’, ‘ಗೈಡ್’, ‘ಆರಾಧನಾ’, ‘ಅಭಿಮಾನ್’ ಚಿತ್ರಗಳ ಹಾಡುಗಳನ್ನು ಇಂದಿಗೂ ಗುನುಗುವವರಿಗೆ ಬರ್ಮನ್ ಯಾರೆಂದು ಹೇಳಬೇಕಾಗಿಲ್ಲ. ಆದರೆ ಆ ಸ್ವರಮಾಂತ್ರಿಕನ ಎದೆಯಲ್ಲಿ ಸಂಗೀತದ ಪಕ್ಕದಲ್ಲೇ ಒಂದು ಫುಟ್‌ಬಾಲ್ ತಂಡಕ್ಕೂ ಜಾಗವಿತ್ತು ಎಂಬುದನ್ನು ಬಂಗಾಳದ ಹೊರಗೆ ಬಲ್ಲವರು ಕಡಿಮೆ. ಕೆಂಪು ಮತ್ತು ಹೊಂಬಣ್ಣದ ಅಂಗಿ ತೊಟ್ಟು ಆಡುವ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಟ್ಟಾ ಅಭಿಮಾನಿ ಅವರು. ಆ ಅಭಿಮಾನ ಕೇವಲ ಆಟದ ಮೋಹವಾಗಿರಲಿಲ್ಲ ಎಂಬುದು ಅವರ ಬದುಕಿನ ದಾರಿಯನ್ನು ನೋಡಿದರೆ ತಿಳಿಯುತ್ತದೆ.

ಸಿಂಹಾಸನ ತಪ್ಪಿದ ಮನೆತನ

ಸಚಿನ್ ದೇವ್ ಬರ್ಮನ್ ಜನಿಸಿದ್ದು 1906ರ ಅಕ್ಟೋಬರ್ 1ರಂದು, ಪೂರ್ವ ಬಂಗಾಳದ ಕೊಮಿಲ್ಲಾದಲ್ಲಿ. ಗೋಮತಿ ನದಿಯ ದಡದ ಆ ಊರು ಇಂದು ಬಾಂಗ್ಲಾದೇಶದಲ್ಲಿದೆ. ತಂದೆ ನವದ್ವೀಪಚಂದ್ರ ದೇವ್ ಬರ್ಮನ್ ತ್ರಿಪುರಾ ರಾಜವಂಶದ ಕುಡಿ, ಮಹಾರಾಜ ಈಶಾನಚಂದ್ರ ಮಾಣಿಕ್ಯರ ಪುತ್ರ. ತಾಯಿ ನಿರ್ಮಲಾದೇವಿ ಮಣಿಪುರದ ರಾಜಮನೆತನದವರು. ಆದರೆ ಈಶಾನಚಂದ್ರರ ನಂತರ ಸಿಂಹಾಸನ ಅವರ ತಮ್ಮ ಬೀರಚಂದ್ರರ ಪಾಲಾಯಿತು. ನವದ್ವೀಪಚಂದ್ರರು ಅಗರ್ತಲಾ ತೊರೆದು ಕೊಮಿಲ್ಲಾದಲ್ಲಿ ನೆಲೆಸಿದರು. ಹೀಗೆ ಸಚಿನ್ ಹುಟ್ಟುವ ಮೊದಲೇ ಆ ಮನೆಯವರು ಒಂದು ನೆಲೆಯನ್ನು ಕಳೆದುಕೊಂಡಿದ್ದರು.

ರಾಜಕುಮಾರನಿಗೆ ಕೊಮಿಲ್ಲಾ ಕೊಟ್ಟ ಸಂಪತ್ತು ಬೇರೆಯದೇ. ತಂದೆ ಸ್ವತಃ ಸಿತಾರ್ ವಾದಕರು. ಅದಕ್ಕಿಂತ ಹೆಚ್ಚಾಗಿ ಮನೆಯ ಆಳುಕಾಳುಗಳು, ಅಂಬಿಗರು, ಬಾವುಲರು ಹಾಡುತ್ತಿದ್ದ ಪದಗಳು ಹುಡುಗನ ಕಿವಿಯಲ್ಲಿ ಮನೆಮಾಡಿದವು. ನದಿಯ ಹರಿವಿಗೆ ದೋಣಿಯನ್ನು ಬಿಟ್ಟು ಅಂಬಿಗರು ನೀಳದನಿಯಲ್ಲಿ ಹಾಡುವ ‘ಭಾಟಿಯಾಲಿ’ ಮುಂದೆ ಅವರ ಸಂಗೀತದ ಬೆನ್ನೆಲುಬಾಯಿತು.

ಒಬ್ಬ ಆಟಗಾರನ ಅವಮಾನದಿಂದ

ಸಚಿನ್‌ಗೆ ಹದಿನಾಲ್ಕು ತುಂಬುವ ಮುನ್ನ ಕಲ್ಕತ್ತಾದಲ್ಲಿ ಒಂದು ಘಟನೆ ನಡೆಯಿತು. 1920ರ ಜುಲೈ 28ರಂದು ಕೂಚ್ ಬಿಹಾರ್ ಕಪ್ ಪಂದ್ಯದಲ್ಲಿ ಮೋಹನ್ ಬಗಾನ್ ವಿರುದ್ಧ ಆಡಬೇಕಿದ್ದ ಜೋಡಾಬಗಾನ್ ತಂಡ, ಶೈಲೇಶ್ ಬೋಸ್ ಎಂಬ ಆಟಗಾರನನ್ನು ಹೊರಗಿಟ್ಟಿತು. ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಆತನಿಗೆ ಹೀಗಾಯಿತೆಂದು ಭಾವಿಸಿದ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್‌ಚಂದ್ರ ಚೌಧುರಿ ಹುದ್ದೆ ತ್ಯಜಿಸಿ ಹೊರನಡೆದರು. ಆಗಸ್ಟ್ 1ರಂದು ಸಂಗಡಿಗರೊಡನೆ ಹೊಸ ಕ್ಲಬ್ ಕಟ್ಟಿದರು. ತಾವು ಬಂದ ಸೀಮೆಯ ಹೆಸರನ್ನೇ ಅದಕ್ಕಿಟ್ಟರು.

ಕಲ್ಕತ್ತಾದ ಮೂಲನಿವಾಸಿ ಬಂಗಾಳಿಗಳು ‘ಘೋಟಿ’ಗಳು, ಪೂರ್ವದಿಂದ ಬಂದವರು ‘ಬಾಂಗಾಲ್’ಗಳು. ಇವರ ಮಾತಿನ ಧಾಟಿ ಬೇರೆ, ಅಡುಗೆ ಬೇರೆ. ಬಾಂಗಾಲ್‌ಗಳ ಉಚ್ಚಾರಣೆ ಮಹಾನಗರದಲ್ಲಿ ಗೇಲಿಯ ವಸ್ತುವಾಗಿತ್ತು. 1889ರಲ್ಲಿ ಹುಟ್ಟಿ, 1911ರಲ್ಲಿ ಬ್ರಿಟಿಷ್ ರೆಜಿಮೆಂಟಿನ ತಂಡವನ್ನು ಸೋಲಿಸಿ ಶೀಲ್ಡ್ ಗೆದ್ದ ಮೋಹನ್ ಬಗಾನ್ ಘೋಟಿಗಳ ಹೆಮ್ಮೆಯಾದರೆ, ಈಸ್ಟ್ ಬೆಂಗಾಲ್ ಬಾಂಗಾಲ್‌ಗಳ ಉತ್ತರವಾಯಿತು. ಮೋಹನ್ ಬಗಾನ್ ಗೆದ್ದರೆ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನಿನ ಊಟ ಎಂಬ ರೂಢಿ ಬಂಗಾಳಿ ಮನೆಗಳಲ್ಲಿ ಬೆಳೆಯಿತು.

ಕಲ್ಕತ್ತಾ ಲೀಗಿನ ಮೊದಲ ದರ್ಜೆಯಲ್ಲಿ ಎರಡೇ ಭಾರತೀಯ ತಂಡಗಳಿಗೆ ಅವಕಾಶವೆಂಬ ಕಟ್ಟಳೆ ಆಗ ಇತ್ತು. ಅದು ಸಡಿಲಗೊಂಡು 1925ರಲ್ಲಿ ಈಸ್ಟ್ ಬೆಂಗಾಲ್ ಮೇಲಿನ ದರ್ಜೆಗೇರಿತು. ಆ ವರ್ಷದ ಮೇ 28ರಂದು ಲೀಗಿನ ಮೊದಲ ಮುಖಾಮುಖಿಯಲ್ಲೇ ಮೋಹನ್ ಬಗಾನ್ ತಂಡವನ್ನು 1-0ರಿಂದ ಮಣಿಸಿತು. ಕೊಮಿಲ್ಲಾದಲ್ಲಿ ಪದವಿ ಮುಗಿಸಿದ ಸಚಿನ್ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಕಲ್ಕತ್ತಾ ಸೇರಿದ್ದು ಸರಿಸುಮಾರು ಅದೇ ಕಾಲಕ್ಕೆ. ಪೂರ್ವ ಬಂಗಾಳದ ಧಾಟಿಯ ಮಾತಿನ ಆ ಯುವಕನಿಗೆ ಅಪರಿಚಿತ ನಗರದಲ್ಲಿ ತನ್ನದೆನ್ನಬಹುದಾದ ತಂಡವೊಂದು ಸಿದ್ಧವಾಗಿಯೇ ಇತ್ತು.

ಅರಮನೆಯಲ್ಲ, ಬಾಡಿಗೆ ಕೋಣೆ

ವಿಶ್ವವಿದ್ಯಾಲಯದ ವ್ಯಾಸಂಗ ಅರ್ಧಕ್ಕೇ ನಿಂತಿತು. ಕೆ.ಸಿ. ಡೇ, ಭೀಷ್ಮದೇವ್ ಚಟ್ಟೋಪಾಧ್ಯಾಯ ಮುಂತಾದ ಗುರುಗಳ ಬಳಿ ಸಂಗೀತಾಭ್ಯಾಸ ಮುಂದುವರಿಯಿತು. 1931ರಲ್ಲಿ ತಂದೆ ತೀರಿಕೊಂಡಾಗ ಅಗರ್ತಲಾಗೆ ಮರಳಿ ರಾಜಾಶ್ರಯದಲ್ಲಿ ನೆಮ್ಮದಿಯಾಗಿರುವ ಅವಕಾಶವಿತ್ತು. ಸಚಿನ್ ಅದನ್ನು ಒಲ್ಲೆನೆಂದು ಕಲ್ಕತ್ತಾದ ಬಾಡಿಗೆ ಕೋಣೆಯಲ್ಲಿ ಉಳಿದರು. ಸಂಗೀತ ಪಾಠ ಹೇಳಿ ಜೀವನ ಸಾಗಿಸಿದರು.

ನಗರ ಅವರನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಮೂಗಿನಲ್ಲಿ ಹೊರಡುವ ಸ್ವರವೆಂಬ ಕಾರಣಕ್ಕೆ ಪ್ರಮುಖ ಧ್ವನಿಮುದ್ರಣ ಕಂಪನಿಯೊಂದು ಅವರನ್ನು ನಿರಾಕರಿಸಿತು. ‘ಯಹೂದಿ ಕಿ ಲಡ್ಕಿ’ (1933) ಚಿತ್ರಕ್ಕೆ ಅವರು ಹಾಡಿದ್ದನ್ನು ತೆಗೆದು ಪಹಾಡಿ ಸನ್ಯಾಲ್ ಅವರಿಂದ ಮತ್ತೆ ಹಾಡಿಸಲಾಯಿತು. ಆದರೂ 1932ರಲ್ಲಿ ಹಿಂದೂಸ್ತಾನ್ ಕಂಪನಿ ಹೊರತಂದ ಅವರ ಮೊದಲ ಗ್ರಾಮಫೋನ್ ತಟ್ಟೆ ಜನಮನ ಸೆಳೆದಿತ್ತು. ಗೇಲಿಗೊಳಗಾದ ಆ ಸ್ವರವೇ ಬರಬರುತ್ತಾ ಬಂಗಾಳದ ಮನೆಮಾತಾಯಿತು.

1938ರಲ್ಲಿ ಶಿಷ್ಯೆ ಮೀರಾ ದಾಸ್‌ಗುಪ್ತಾ ಅವರನ್ನು ಸಚಿನ್ ವರಿಸಿದರು. ಸಾಮಾನ್ಯ ಕುಟುಂಬದ ಹೆಣ್ಣನ್ನು ತಂದದ್ದು ರಾಜಮನೆತನಕ್ಕೆ ರುಚಿಸಲಿಲ್ಲ. ಬಂಧುಗಳೊಡನೆ ಉಳಿದಿದ್ದ ನಂಟೂ ತೆಳುವಾಯಿತು. ಮರುವರ್ಷ ಜೂನ್ 27ರಂದು ಮಗ ರಾಹುಲ್ ಹುಟ್ಟಿದ. ಮುಂದೆ ಆರ್.ಡಿ. ಬರ್ಮನ್ ಎಂದು ಹೆಸರಾದ ಪಂಚಮ್ ಈತನೇ.

ಕ್ಲಬ್ಬಿನ ಅದೃಷ್ಟವೂ ಆ ದಿನಗಳಲ್ಲಿ ತೆರೆಯಿತು. 1942ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ಕಲ್ಕತ್ತಾ ಲೀಗ್ ಗೆದ್ದಿತು. ಮರುವರ್ಷ ಐಎಫ್‌ಎ ಶೀಲ್ಡ್ ಕೂಡ ಒಲಿಯಿತು. 1945ರಲ್ಲಿ ಎರಡೂ ಒಟ್ಟಿಗೆ ಬಂದವು. ಅಷ್ಟು ಹೊತ್ತಿಗೆ ಅಭಿಮಾನಿ ಸಚಿನ್ ಮೈದಾನದಿಂದ ದೂರವಾಗಿದ್ದರು. 1944ರಲ್ಲಿ ಶಶಧರ್ ಮುಖರ್ಜಿಯವರ ಆಹ್ವಾನದ ಮೇರೆಗೆ ಅವರು ಮುಂಬೈಗೆ ಹೊರಟಿದ್ದರು.

ಭೂಪಟದಿಂದ ಅಳಿದ ಹೆಸರು

ಮುಂಬೈಯಲ್ಲಿ ಅವರು ಕಾಲೂರುವ ಮೊದಲೇ ದೇಶ ವಿಭಜನೆಯಾಯಿತು. 1947ರ ಆಗಸ್ಟ್‌ನಲ್ಲಿ ಕೊಮಿಲ್ಲಾ ಪಾಕಿಸ್ತಾನಕ್ಕೆ ಸೇರಿತು. ಹುಟ್ಟಿದ ಮನೆ, ಗೋಮತಿಯ ದಡ, ದೋಣಿಯ ಹಾಡು ಎಲ್ಲವೂ ಗಡಿಯಾಚೆ ಉಳಿದವು. 1955ರಲ್ಲಿ ಪಾಕಿಸ್ತಾನ ಸರ್ಕಾರ ಆ ಪ್ರಾಂತ್ಯಕ್ಕೆ ಪೂರ್ವ ಪಾಕಿಸ್ತಾನ ಎಂದು ಹೊಸ ಹೆಸರಿಟ್ಟಿತು. ಪೂರ್ವ ಬಂಗಾಳ ಎಂಬ ಹೆಸರು ಆಡಳಿತದ ಕಡತಗಳಿಂದಲೂ ಮರೆಯಾಯಿತು. ಅದು ಉಳಿದದ್ದು ಕಲ್ಕತ್ತಾದ ಒಂದು ಫುಟ್‌ಬಾಲ್ ಕ್ಲಬ್ಬಿನ ಫಲಕದ ಮೇಲೆ.

ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರಿಗೆ ಆ ತಂಡ ಆಟಕ್ಕಿಂತ ದೊಡ್ಡದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಶಿಬಿರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ದಿನ ದೂಡುತ್ತಿದ್ದವರಿಗೆ ತಲೆಯೆತ್ತಿ ನಿಲ್ಲಲು ಅದೊಂದು ನೆಪವಾಯಿತು. ಸಚಿನ್ ನಿರಾಶ್ರಿತರಾಗಿರಲಿಲ್ಲ. ಆದರೆ ಮರಳಲು ಊರಿಲ್ಲದ ಸ್ಥಿತಿ ಅವರದೂ ಆಗಿತ್ತು.

ತಂಡವೂ ಆಗ ಬೆಳಗುತ್ತಿತ್ತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆಹ್ ಎಂಬ ಐವರು ಮುಂಚೂಣಿ ಆಟಗಾರರನ್ನು ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದರು. ಇವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದ ಅವರು ಚೆಂಡನ್ನು ಹಾವಾಡಿಸಿದಂತೆ ಆಡಿಸುತ್ತಿದ್ದುದರಿಂದ ‘ಹಾವಾಡಿಗ’ ಎಂಬ ಬಿರುದು ಪಡೆದಿದ್ದರು. 1949ರಲ್ಲಿ ಈಸ್ಟ್ ಬೆಂಗಾಲ್ ಲೀಗ್, ಶೀಲ್ಡ್ ಹಾಗೂ ಮುಂಬೈಯ ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದಿತು. ಪೂರ್ವ ಬಂಗಾಳದ ಹೆಸರು ಹೊತ್ತ ತಂಡದ ಕೀರ್ತಿಯನ್ನು ದಕ್ಷಿಣದ ಆಟಗಾರರು ಎತ್ತಿಹಿಡಿದಿದ್ದರು.

ಕೂಪರೇಜ್‌ನ ಎರಡು ಬಣಗಳು

ಮುಂಬೈ ಸಚಿನ್ ಅವರಿಗೆ ಬೇಗ ಒಗ್ಗಲಿಲ್ಲ. ‘ಮಶಾಲ್’ (1950) ಚಿತ್ರದ ದಿನಗಳಲ್ಲಿ ಬೇಸತ್ತು ಕಲ್ಕತ್ತಾಗೆ ಮರಳಲು ಅವರು ನಿರ್ಧರಿಸಿದ್ದರು. ನಟ ಅಶೋಕ್ ಕುಮಾರ್ ಮನವೊಲಿಸಿ ಉಳಿಸಿಕೊಂಡರು. ಮರುವರ್ಷ ದೇವ್ ಆನಂದ್ ಅವರ ನವಕೇತನ ಸಂಸ್ಥೆಯ ‘ಬಾಜಿ’ ಬಂತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ನಿರ್ದೇಶಿಸಿದ ಮೊದಲ ಚಿತ್ರವದು. ಅದರ ಯಶಸ್ಸಿನ ನಂತರ ಬರ್ಮನ್ ಹಿಂದಿರುಗಿ ನೋಡಲಿಲ್ಲ. ‘ಟ್ಯಾಕ್ಸಿ ಡ್ರೈವರ್’ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ, 1969ರಲ್ಲಿ ಪದ್ಮಶ್ರೀ ಅರಸಿ ಬಂದವು.

ಕೀರ್ತಿ ಬಂದರೂ ಫುಟ್‌ಬಾಲ್ ಬಿಡಲಿಲ್ಲ. ರೋವರ್ಸ್ ಕಪ್ ಆಡಲು ಕಲ್ಕತ್ತಾದ ತಂಡಗಳು ಮುಂಬೈಗೆ ಬಂದಾಗ ಕೂಪರೇಜ್ ಮೈದಾನಕ್ಕೆ ಅವರು ಹೋಗುತ್ತಿದ್ದರು. ಅದೇ ಮೈದಾನಕ್ಕೆ ಗಾಯಕ ಮನ್ನಾ ಡೇ ಕೂಡ ಬರುತ್ತಿದ್ದರು. ಮನ್ನಾ ಡೇ ಗುರು ಕೆ.ಸಿ. ಡೇ ಅವರ ಸೋದರನ ಮಗ. ಮುಂಬೈಯ ಆರಂಭದ ದಿನಗಳಲ್ಲಿ ಬರ್ಮನ್‌ಗೆ ಸಹಾಯಕರಾಗಿದ್ದವರು. ‘ಮೇರಿ ಸೂರತ್ ತೇರಿ ಆಂಖೇ’ ಚಿತ್ರದಲ್ಲಿ ಅವರ ಸಂಗೀತಕ್ಕೆ ಅಮರಗೀತೆ ಹಾಡಿದವರು. ಸಂಗೀತದಲ್ಲಿ ಇಬ್ಬರದೂ ಒಂದೇ ಶ್ರುತಿ. ಮೈದಾನದಲ್ಲಿ ಮಾತ್ರ ಬದ್ಧ ಎದುರಾಳಿಗಳು. ಉತ್ತರ ಕಲ್ಕತ್ತಾದ ಘೋಟಿ ಮನೆತನದ ಮನ್ನಾ ಡೇ ಮೋಹನ್ ಬಗಾನ್ ಪಕ್ಷ. ಈ ಪೈಪೋಟಿ ಅವರ ಸ್ನೇಹಕ್ಕೆ ಎಂದೂ ಅಡ್ಡಿಯಾಗಲಿಲ್ಲ.

ಕಳೆದುಹೋದ ನದಿಯನ್ನು ಅವರು ಹಾಡುಗಳಲ್ಲಿ ಮತ್ತೆ ಮತ್ತೆ ಕರೆತಂದರು. ‘ಸುಜಾತಾ’ (1959), ‘ಬಂದಿನಿ’ (1963) ಚಿತ್ರಗಳ ಅಂಬಿಗನ ಹಾಡುಗಳನ್ನು ಬೇರೆಯವರಿಗೆ ಕೊಡದೆ ತಾವೇ ಹಾಡಿದರು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಕಾದಂಬರಿ ಆಧರಿಸಿದ ‘ಗೈಡ್’ನಲ್ಲಿ ದಾರಿಹೋಕನಿಗೆ ಧ್ವನಿಯಾದದ್ದೂ ಅವರೇ. ‘ಆರಾಧನಾ’ದ ಹಾಡಿಗೆ ಶ್ರೇಷ್ಠ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಸಂದಿತು. ಒಮ್ಮೆ ನಿರಾಕೃತವಾದ ಸ್ವರಕ್ಕೆ ಸಿಕ್ಕ ಮನ್ನಣೆ ಅದು. 1971ರಲ್ಲಿ ಬಾಂಗ್ಲಾದೇಶ ಉದಯಿಸಿದ ವರ್ಷ, ಆ ನಾಡಿನ ಡೋಲಿನ ಸದ್ದನ್ನು ಕುರಿತು ಪತ್ನಿ ಮೀರಾ ಬರೆದ ಬಂಗಾಳಿ ಗೀತೆಯನ್ನು ಹಾಡಿದರು.

ಆ ಐದು ಗೋಲುಗಳು

ಹೃಷಿಕೇಶ್ ಮುಖರ್ಜಿ ನಿರ್ದೇಶನದ ‘ಮಿಲಿ’ (1975) ಚಿತ್ರಕ್ಕೆ ಕಿಶೋರ್ ಕುಮಾರ್ ಹಾಡಬೇಕಿದ್ದ ಗೀತೆಯ ತಾಲೀಮಿನ ನಂತರ ಬರ್ಮನ್ ಕುಸಿದರು. ಪ್ರಜ್ಞೆ ಕಳೆದುಕೊಂಡು ಹಾಸಿಗೆ ಹಿಡಿದರು.

ಇತ್ತ ಕಲ್ಕತ್ತಾದಲ್ಲಿ ಅವರ ತಂಡ ಉತ್ತುಂಗದಲ್ಲಿತ್ತು. 1970ರಿಂದ 1975ರವರೆಗೆ ಸತತ ಆರು ಬಾರಿ ಲೀಗ್ ಗೆದ್ದಿತ್ತು. ಪಿ.ಕೆ. ಬ್ಯಾನರ್ಜಿ ತರಬೇತುದಾರರು. ಸೆಪ್ಟೆಂಬರ್ 30ರ ಫೈನಲ್‌ನಲ್ಲಿ ಸುರಜಿತ್ ಸೇನ್‌ಗುಪ್ತಾ, ರಂಜಿತ್ ಮುಖರ್ಜಿ, ಶುಭಂಕರ್ ಸನ್ಯಾಲ್ ತಲಾ ಒಂದು, ಶ್ಯಾಮ್ ಥಾಪಾ ಎರಡು ಗೋಲು ಹೊಡೆದರು. ಫಲಿತಾಂಶ 5-0. ಈ ಎರಡು ತಂಡಗಳ ನಡುವಿನ ಅತಿ ದೊಡ್ಡ ಅಂತರದ ಗೆಲುವು ಇಂದಿಗೂ ಅದೇ.

ಆ ರಾತ್ರಿ ನಗರದ ಒಂದು ಭಾಗ ಹಬ್ಬ ಆಚರಿಸಿದರೆ ಇನ್ನೊಂದು ಭಾಗ ಸೂತಕದಲ್ಲಿ ಮುಳುಗಿತು. ಸೋಲು ತಾಳಲಾರದ ಮೋಹನ್ ಬಗಾನ್‌ನ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. ತಂಡದ ಮೇಲಿನ ಪ್ರೀತಿಗೆ ಮನುಷ್ಯನನ್ನು ಎತ್ತುವ ಶಕ್ತಿ ಇರುವಂತೆ ಮುಳುಗಿಸುವ ಶಕ್ತಿಯೂ ಇದೆ ಎಂಬುದಕ್ಕೆ ಆ ಸಾವು ನೋವಿನ ಸಾಕ್ಷಿ.

ಮುಂಬೈಯಲ್ಲಿ ಪಂಚಮ್ ತಂದೆಯ ಹಾಸಿಗೆಯ ಬಳಿ ಹೋದರು. ಯಾರ ಕರೆಗೂ ಓಗೊಡದ ತಂದೆಯ ಕಿವಿಯಲ್ಲಿ ಈಸ್ಟ್ ಬೆಂಗಾಲ್ ಐದು ಗೋಲುಗಳಿಂದ ಗೆದ್ದ ಸುದ್ದಿಯನ್ನು ಗಟ್ಟಿಯಾಗಿ ಹೇಳಿದರು. ಸಚಿನ್ ಕರ್ತಾ ಒಮ್ಮೆ ಕಣ್ಣು ತೆರೆದರು. ಮತ್ತೆ ತೆರೆಯಲಿಲ್ಲ. ಕುಟುಂಬದವರ ನೆನಪಿನಿಂದ ಸಂಗೀತಲೋಕಕ್ಕೂ ಕ್ಲಬ್ಬಿನ ಅಭಿಮಾನಿಗಳಿಗೂ ದಾಟಿ ಬಂದ ಪ್ರಸಂಗವಿದು. 1975ರ ಅಕ್ಟೋಬರ್ 31ರಂದು ಅವರು ಕೊನೆಯುಸಿರೆಳೆದರು.

ಅವರ ಸಂಗೀತಕ್ಕೆ ಮನಸೋತಿದ್ದ ಮರಾಠಿ ಸಾಹಿತಿ ರಮೇಶ್ ತೆಂಡೂಲ್ಕರ್ 1973ರಲ್ಲಿ ಹುಟ್ಟಿದ ಮಗನಿಗೆ ಸಚಿನ್ ಎಂದು ಹೆಸರಿಟ್ಟಿದ್ದರು. ಫುಟ್‌ಬಾಲ್ ಪ್ರೇಮಿಯ ಹೆಸರು ಹೀಗೆ ಕ್ರಿಕೆಟ್ ಮೂಲಕ ಜಗತ್ತು ಸುತ್ತಿತು. ಎದುರಾಳಿ ಪಕ್ಷದ ಗೆಳೆಯ ಮನ್ನಾ ಡೇ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2013ರಲ್ಲಿ ಇಲ್ಲಿಯೇ ನಿಧನರಾದರು. ಪಂಚಪಾಂಡವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಕೂಡ 2017ರಲ್ಲಿ ಇದೇ ನಗರದಲ್ಲಿ ಕಣ್ಮುಚ್ಚಿದರು.

2020ರಲ್ಲಿ ಈಸ್ಟ್ ಬೆಂಗಾಲ್ ನೂರು ವರ್ಷ ಪೂರೈಸಿತು. ಪೂರ್ವ ಬಂಗಾಳವನ್ನು ಕಣ್ಣಾರೆ ಕಂಡವರು ಅದರ ಅಭಿಮಾನಿಗಳಲ್ಲಿ ಈಗ ವಿರಳ. ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ ಊರಿನ ಹೆಸರನ್ನು ಮೊಮ್ಮಕ್ಕಳು ಇಂದು ಮೈದಾನದಲ್ಲಿ ಕೂಗುತ್ತಿದ್ದಾರೆ.