ಮೆರಿಟ್ ಇತ್ತು, ಸೀಟು ಇರಲಿಲ್ಲ: ಕಮಲಾ ಸೊಹೊನಿ

ಸೀಟು ಸಿಗದಿದ್ರೆ ನಾವು ಕಟಾಫ್‌ಗೆ ಬೈದು ಸುಮ್ಮನಾಗ್ತೇವೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿಗೆ ಕಟಾಫ್ ತೊಂದರೆಯೇ ಇರಲಿಲ್ಲ. ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೆರಿಟ್ ಪಟ್ಟಿಯಲ್ಲಿ ಆಕೆ ಎಲ್ಲರಿಗಿಂತ ಮೇಲಿದ್ದರು. ತಂದೆ, ದೊಡ್ಡಪ್ಪ ಇಬ್ಬರೂ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ರಸಾಯನಶಾಸ್ತ್ರ ಓದಿದವರು. ಮಗಳೂ ಅಲ್ಲಿಗೇ ಅರ್ಜಿ ಹಾಕಿದಳು.

ಆಗ ನಿರ್ದೇಶಕರು ಸರ್ ಸಿ. ವಿ. ರಾಮನ್. ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಅಳುತ್ತಾ ಕೂರಲಿಲ್ಲ. ನೇರ ಬೆಂಗಳೂರಿಗೆ ಬಂದು, ರಾಮನ್ ಎದುರು ನಿಂತು ಕಾರಣ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಆಕೆ ರೆಗ್ಯುಲರ್ ವಿದ್ಯಾರ್ಥಿನಿಯಲ್ಲ. ಗೈಡ್ ಹೇಳಿದರೆ ರಾತ್ರಿಯೂ ದುಡಿಯಬೇಕು. ಹುಡುಗರ ಗಮನ ಕೆಡಿಸಬಾರದು! ಗಮನ ಕೆಟ್ಟರೆ ತಪ್ಪು ಯಾರದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಗೈಡ್ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ನಡೆಯಿತು. ವರ್ಷ ಮುಗಿಯುವಾಗ ರಾಮನ್‌ಗೆ ಒಪ್ಪಿಗೆಯಾಯಿತು. ಆಮೇಲೆ ಸಂಸ್ಥೆಯ ಬಾಗಿಲು ಉಳಿದ ಹುಡುಗಿಯರಿಗೂ ತೆರೆಯಿತು. ಒಬ್ಬಳು ಕೊಟ್ಟ ಪರೀಕ್ಷೆಯ ಮಾರ್ಕ್ಸು ಇಡೀ ಹೆಣ್ಣುಕುಲಕ್ಕೆ ಲೆಕ್ಕವಾದ ಹಾಗೆ. ಅವರು ಫೇಲಾಗಿದ್ದರೆ?

ಮುಂದೆ ಕೇಂಬ್ರಿಡ್ಜ್‌ಗೆ ಹೋದರು. ಸಸ್ಯಗಳ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ, ಬರೀ 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಪಡೆದರು. ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಪ್ರಯೋಗಾಲಯಗಳಲ್ಲಿ ದುಡಿದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿಯಾದರು. ಬಳಿಕ ಮುಂಬೈಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ.

ಅಲ್ಲಿ ಮಾಡಿದ ಒಂದು ಕೆಲಸ ನಮ್ಮ ಕರಾವಳಿಗೆ ಹತ್ತಿರದ್ದು. ಹಳದೀಪುರದಲ್ಲಿ ಹೆದ್ದಾರಿಯಿಂದ ಕಡಲ ಕಡೆ ತಿರುಗಿದರೆ ತೆಂಗಿನಮರ ಬಿಟ್ಟು ಬೇರೇನು ಕಾಣುತ್ತದೆ? ತೆಂಗು, ತಾಳೆ, ಈಚಲಿನಂಥ ಮರಗಳಿಂದ ಇಳಿಸುವ ಹುಳಿಯಾಗದ ರಸವೇ ನೀರಾ. ಅದರಲ್ಲಿ ಎ ಮತ್ತು ಸಿ ಜೀವಸತ್ವ, ಕಬ್ಬಿಣದ ಅಂಶ ಇರುವುದನ್ನು ಸೊಹೊನಿ ತಂಡ ಪರೀಕ್ಷಿಸಿ ತೋರಿಸಿತು. ಬಡಮಕ್ಕಳಿಗೆ, ಬಸುರಿಯರಿಗೆ ಅದು ಅಗ್ಗದ ಪೌಷ್ಟಿಕ ಆಹಾರವಾಗಬಲ್ಲದು ಎಂಬ ಈ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಇಷ್ಟಾದರೂ ಆ ಸಂಸ್ಥೆಯ ನಿರ್ದೇಶಕಿ ಹುದ್ದೆ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷ ತಡವಾಗಿ. ಬಾಗಿಲು ಒಮ್ಮೆ ತೆರೆದರೆ ಸಾಕು ಅಂದುಕೊಳ್ತೇವೆ. ಒಳಗೆ ಇನ್ನೂ ಬಾಗಿಲುಗಳಿರುತ್ತವೆ. 1998ರಲ್ಲಿ, ತಮ್ಮನ್ನು ಗೌರವಿಸಲು ಏರ್ಪಡಿಸಿದ್ದ ಸಮಾರಂಭದಲ್ಲೇ ಕುಸಿದುಬಿದ್ದ ಅವರು ಸ್ವಲ್ಪ ದಿನಗಳಲ್ಲೇ ತೀರಿಕೊಂಡರು.

ಈಗ ಯಾರೂ ಅಂಥ ಷರತ್ತು ಬರೆದು ಕೊಡುವುದಿಲ್ಲ, ನಿಜ. ಆದರೆ ನಮ್ಮ ಪ್ರಾಜೆಕ್ಟ್ ಟೀಮುಗಳನ್ನೇ ನೋಡಿ. ಸೋಲ್ಡರಿಂಗ್, ಕೋಡಿಂಗ್ ಹುಡುಗರ ಪಾಲು. ರಿಪೋರ್ಟು, ಪಿಪಿಟಿ ಹುಡುಗಿಯರ ಪಾಲು. ಹಾಗೆ ಹಂಚಿ ಅಂತ ಯಾವ ಸುತ್ತೋಲೆಯೂ ಹೇಳಿಲ್ಲ. ಈ ಸೆಮಿಸ್ಟರಿನ ಟೀಮ್ ಮಾಡುವಾಗ ಕೆಲಸ ಹಂಚುವವರು ಯಾರು, ಒಮ್ಮೆ ಗಮನಿಸಿ.