ತುಕ್ಕಿಗೆ ತಡೆಯೊಡ್ಡಿದ ಹ್ಯಾರಿ ಬ್ರಿಯರ್ಲಿ

ಮಿರ್ಕಾಬ್‌ನಲ್ಲಿ ನಮ್ಮವರ ಯಾವ ಮನೆಯ ಅಡುಗೆಮನೆಗೆ ಹೋದರೂ ಸಿಂಕ್, ಗ್ಯಾಸ್ ಒಲೆ, ಕುಕ್ಕರ್, ಸಾಂಬಾರ ಡಬ್ಬಿ, ಕೆಲವು ಮನೆಗಳಲ್ಲಿ ಫ್ರಿಜ್‌ನ ಬಾಗಿಲು ಕೂಡ ಸ್ಟೇನ್‌ಲೆಸ್ ಸ್ಟೀಲಿನದೇ. ಹೊಸದಾಗಿ ತಂದಾಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಸ್ವಲ್ಪ ಕಾಲ ಕಳೆದ ಮೇಲೆ ಸಿಂಕ್‌ನ ಮೂಲೆಯಲ್ಲೋ ಒಲೆಯ ಅಂಚಿನಲ್ಲೋ ಕಂದು ಬಣ್ಣದ ಚುಕ್ಕೆಗಳು ಕಾಣಿಸುತ್ತವೆ. ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿ ಮಾರಿದ ಸ್ಟೀಲಿಗೆ ತುಕ್ಕು ಹೇಗೆ ಬಂತು ಎಂದು ಮನೆಯವರು ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ, ಆ ಸ್ಟೀಲನ್ನು ಅಡುಗೆಮನೆಗೆ ತಂದ ಮನುಷ್ಯನ ಕಥೆಯಿಂದಲೇ ತೊಡಗುವುದು ಒಳ್ಳೆಯದೆಂದು ನಮಗೆ ಅನಿಸಿತು.

ಹ್ಯಾರಿ ಬ್ರಿಯರ್ಲಿ ಹುಟ್ಟಿದ್ದು 1871ರ ಫೆಬ್ರವರಿ 18ರಂದು, ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ. ಉಕ್ಕಿಗೂ ಚಾಕು ಕತ್ತರಿಗಳಿಗೂ ಹೆಸರಾದ ಊರು ಅದು. ತಂದೆ ಕುಲುಮೆಯಲ್ಲಿ ಉಕ್ಕು ಕರಗಿಸುವ ಕಾರ್ಮಿಕ. ಮನೆ ಚಿಕ್ಕದು, ಮಕ್ಕಳು ಒಂಬತ್ತು ಮಂದಿ, ಹ್ಯಾರಿ ಎಂಟನೆಯವನು. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ದುಡಿಮೆಗೆ ಇಳಿಯಬೇಕಾಯಿತು. ಥಾಮಸ್ ಫರ್ತ್ ಕಂಪನಿಯ ಪ್ರಯೋಗಾಲಯದಲ್ಲಿ ಅವನಿಗೆ ಸಿಕ್ಕ ಕೆಲಸ ಬಾಟಲಿ ತೊಳೆಯುವುದು. ನಮ್ಮ ಏಳನೆಯ ತರಗತಿಯ ಮಕ್ಕಳ ವಯಸ್ಸು ಅದು ಎಂಬುದನ್ನು ಓದುಗರು ಗಮನಿಸಬೇಕು.

ಅಲ್ಲಿ ಜೇಮ್ಸ್ ಟೇಲರ್ ಎಂಬ ರಸಾಯನಜ್ಞರಿದ್ದರು. ಹುಡುಗನ ಚುರುಕುತನ ನೋಡಿ ಲೆಕ್ಕ, ಬೀಜಗಣಿತಗಳ ರುಚಿ ಹತ್ತಿಸಿದವರು ಅವರೇ. ಹಗಲು ಕೆಲಸ, ರಾತ್ರಿ ಶಾಲೆ, ಉಳಿದ ಹೊತ್ತು ಪುಸ್ತಕ. ಹೀಗೆ ಕಾಲೇಜಿನ ಮೆಟ್ಟಿಲು ಹತ್ತದೆಯೇ ಬ್ರಿಯರ್ಲಿ ಉಕ್ಕಿನ ವಿಶ್ಲೇಷಣೆಯಲ್ಲಿ ಪಳಗಿದರು. 1895ರಲ್ಲಿ ಮದುವೆಯಾಯಿತು. ಹುಟ್ಟಿದ ಮಗನ ಹೆಸರಿನಲ್ಲಿ ಟೇಲರ್ ಎಂಬುದನ್ನೂ ಸೇರಿಸಿದರು. 1904ರಲ್ಲಿ ಕಂಪನಿಯ ಕೆಲಸದ ಮೇಲೆ ಆಗ ರಷ್ಯಾದಲ್ಲಿದ್ದ ರೀಗಾ ನಗರಕ್ಕೆ ಹೋಗಿ ಕೆಲವು ವರ್ಷ ದುಡಿದರು. ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದವರ ಪಾಡು ನಮಗೇನೂ ಹೊಸದಲ್ಲ. ಹಿಂತಿರುಗಿದ ಮೇಲೆ, 1908ರಲ್ಲಿ, ಬ್ರೌನ್ ಮತ್ತು ಫರ್ತ್ ಕಂಪನಿಗಳು ಕೂಡಿ ತೆರೆದ ಸಂಶೋಧನಾಲಯಕ್ಕೆ ಅವರೇ ಮುಖ್ಯಸ್ಥರಾದರು.

1912ರಲ್ಲಿ ಅವರ ಮುಂದೆ ಬಂದ ಸಮಸ್ಯೆ ಅಡುಗೆಮನೆಯದಲ್ಲ, ಬಂದೂಕಿನದು. ಗುಂಡು ಹಾರಿಸಿದಾಗಿನ ಬಿಸಿಗೆ ನಳಿಗೆಯ ಒಳಭಾಗ ಬೇಗನೆ ಸವೆಯುತ್ತಿತ್ತು. ಕ್ರೋಮಿಯಂ ಹೆಚ್ಚಿಸಿದರೆ ಉಕ್ಕು ಬಿಸಿ ತಾಳಬಹುದೆಂದು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಿದರು. 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ಶೇ. 12.8 ಕ್ರೋಮಿಯಂ, ಶೇ. 0.24 ಇಂಗಾಲ ಇತ್ತು. ಅದರ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಮೇಲ್ಮೈಯನ್ನು ಆಮ್ಲದಿಂದ ಕೊರೆಯಬೇಕು. ಆದರೆ ಆಮ್ಲ ಈ ಉಕ್ಕನ್ನು ಕಚ್ಚಲೇ ಇಲ್ಲ. ಗುಜರಿ ರಾಶಿಯಲ್ಲಿ ಒಂದು ತುಂಡು ಮಾತ್ರ ಹೊಳೆಯುತ್ತಿದ್ದುದನ್ನು ಕಂಡರು ಎಂಬ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಆದರೆ ದಾರಿ ತೋರಿದ್ದು ಪ್ರಯೋಗಾಲಯದ ಆಮ್ಲವೇ.

ಬ್ರಿಯರ್ಲಿ ಮುಂದೆ ವಿನೆಗರ್, ನಿಂಬೆರಸ ಹಚ್ಚಿ ನೋಡಿದರು. ಕಲೆಯೇ ಇಲ್ಲ! ಬಂದೂಕು ಹಿಂದೆ ಸರಿಯಿತು, ಊಟದ ಚಾಕು ಮುಂದೆ ಬಂತು. ಊರಿನಲ್ಲಿ ಈಳಿಗೆ ಮಣೆಯ ಮೇಲೆ ಮಾವಿನಕಾಯಿ ಹೆಚ್ಚಿದರೆ ಅಲಗು ಕಪ್ಪಾಗುವುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಆಗಿನ ಇಂಗ್ಲೆಂಡಿನ ಚಾಕುಗಳದ್ದೂ ಅದೇ ಪಾಡು. ಪ್ರತಿ ಊಟದ ಬಳಿಕ ಉಜ್ಜಿ, ಒರೆಸಿ, ಒಣಗಿಸಿ ಇಡಬೇಕಿತ್ತು.

ಇಷ್ಟು ಒಳ್ಳೆಯ ವಸ್ತುವನ್ನು ಎಲ್ಲರೂ ಎರಡು ಕೈ ಚಾಚಿ ಬರಮಾಡಿಕೊಂಡರೆಂದು ಭಾವಿಸಬೇಡಿ. ಕಂಪನಿಯ ಯಜಮಾನರು ಚಾಕುವಿನ ಮಾತಿಗೆ ಕಿವಿಗೊಡಲಿಲ್ಲ. ಶೆಫೀಲ್ಡಿನ ಚಾಕು ತಯಾರಕರಿಗೆ ಈ ಉಕ್ಕನ್ನು ಎಷ್ಟು ಕಾಯಿಸಬೇಕು, ಹೇಗೆ ಬಡಿಯಬೇಕು ಎಂಬುದು ತಿಳಿಯದೆ ಹದ ತಪ್ಪಿತು. ಬಂದ ಚಾಕುಗಳಿಗೆ ಹರಿತವಿಲ್ಲ. ಕತ್ತರಿಸದ ಚಾಕುವನ್ನು ಕಂಡುಹಿಡಿದ ಮಹಾಶಯ ಎಂದು ಬ್ರಿಯರ್ಲಿಯವರನ್ನು ಗೇಲಿ ಮಾಡಿದರು. ಆಗ ನೆರವಾದವರು ಮೋಸ್ಲಿ ಚಾಕು ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್. ಅವರ ಮೊದಲ ಪ್ರಯತ್ನಗಳೂ ಕೈಕೊಟ್ಟವು. ಕೊನೆಗೆ ಬ್ರಿಯರ್ಲಿ ತಾವೇ ಎದುರು ನಿಂತು ಹದ ತೋರಿಸಿದ ಮೇಲೆ ಚಾಕು ಸರಿಯಾಗಿ ಬಂತು. ಬ್ರಿಯರ್ಲಿ ಇಟ್ಟಿದ್ದ ಹೆಸರಿನ ಅರ್ಥ ತುಕ್ಕಿಲ್ಲದ ಉಕ್ಕು ಎಂದು. ವಿನೆಗರ್ ಪರೀಕ್ಷೆಯಲ್ಲಿ ಕಲೆ ಬೀಳದ್ದನ್ನು ನೋಡಿ ಸ್ಟೇನ್‌ಲೆಸ್, ಅಂದರೆ ಕಲೆಯಿಲ್ಲದ್ದು, ಎಂದವರು ಸ್ಟುವರ್ಟ್. ಈ ಹೆಸರೇ ಹೆಚ್ಚು ಪ್ರಾಮಾಣಿಕವಾದುದು ಎಂದು ನಮ್ಮ ಅಭಿಪ್ರಾಯ.

ಏಕೆಂದರೆ ಈ ಸ್ಟೀಲಿಗೆ ತುಕ್ಕು ಬರುವುದೇ ಇಲ್ಲ ಎಂದಿಲ್ಲ. ಇದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಮೈಮೇಲೆ ಹೊದೆಯುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿ ಮತ್ತೆ ಬೆಳೆಯುತ್ತದೆ. ಇದರ ದೊಡ್ಡ ಶತ್ರು ಕ್ಲೋರೈಡ್, ಅದು ಉಪ್ಪಿನಲ್ಲಿದೆ. ಕುವೈತಿನ ಕಡಲಗಾಳಿಯ ತೇವದಲ್ಲೂ ಉಪ್ಪಿನ ಅಂಶವಿದೆ. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಮೇಲೆ ಧೂಳು ಕೂತು ಒದ್ದೆಯಾಗಿ ಉಳಿದರೆ ಚುಕ್ಕೆ ಏಳುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಸಿಂಕ್‌ನಲ್ಲಿ ನಿಂತರೂ ಅಷ್ಟೇ. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಸಣ್ಣ ಚೂರುಗಳು ಅಂಟಿಕೊಂಡು, ಮೊದಲು ಅವು ತುಕ್ಕು ಹಿಡಿಯುತ್ತವೆ.

ಬಂದ ಚುಕ್ಕೆ ತೆಗೆಯುವುದು ಕಷ್ಟವಲ್ಲ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಮೆತ್ತನೆ ಬಟ್ಟೆಯಿಂದ, ಸ್ಟೀಲಿನ ಗೆರೆಗಳು ಹೋಗುವ ದಿಕ್ಕಿನಲ್ಲೇ ನಿಧಾನವಾಗಿ ಉಜ್ಜಿ. ಬಿಡದಿದ್ದರೆ ಸ್ವಲ್ಪ ಹೊತ್ತು ವಿನೆಗರ್ ಅಥವಾ ನಿಂಬೆರಸ ಹಚ್ಚಿ, ಚೆನ್ನಾಗಿ ತೊಳೆದು ಒರೆಸಿ. ಒರೆಸುವುದೇ ಮುಖ್ಯ. ವಿನೆಗರನ್ನು ಬ್ಲೀಚ್ ಜೊತೆ ಯಾವ ಕಾರಣಕ್ಕೂ ಸೇರಿಸಬಾರದು, ವಿಷಾನಿಲ ಹೊರಡುತ್ತದೆ. ಪಾತ್ರೆಯಲ್ಲಿ ನೀರು ಕುದಿದ ಮೇಲೆಯೇ ಉಪ್ಪು ಹಾಕಿ ಕದಡಿದರೆ ತಳದಲ್ಲಿ ಸಣ್ಣ ಗುಳಿಗಳು ಬೀಳುವುದಿಲ್ಲ. ಉಪ್ಪಿನಕಾಯಿಗೆ ಸ್ಟೀಲ್ ಡಬ್ಬಿಗಿಂತ ಭರಣಿಯೇ ವಾಸಿ.

ಚಾಕು ಮಾತ್ರ ತಟ್ಟೆಗಿಂತ ಬೇಗ ಕಲೆಯಾಗುವುದೇಕೆ ಎಂದು ಮಕ್ಕಳು ಕೇಳಬಹುದು. ಸಾಮಾನ್ಯವಾಗಿ ಚಾಕುವಿನಲ್ಲಿರುವುದು ಬ್ರಿಯರ್ಲಿಯವರ ಉಕ್ಕಿನ ಜಾತಿಯದೇ, ಹದ ಮಾಡಿ ಗಟ್ಟಿ ಮಾಡಬಹುದಾದದ್ದು. ಒಳ್ಳೆಯ ತಟ್ಟೆ ಲೋಟಗಳಲ್ಲಿರುವುದು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಬೆರೆತದ್ದು. ಶೆಫೀಲ್ಡಿನಲ್ಲಿ ಅದನ್ನು 1924ರಲ್ಲಿ ರೂಪಿಸಿದವರು ಬ್ರಿಯರ್ಲಿಯವರ ನಂತರ ಅದೇ ಸಂಶೋಧನಾಲಯದ ಮುಖ್ಯಸ್ಥರಾದ ಹ್ಯಾಟ್‌ಫೀಲ್ಡ್. ಆದ್ದರಿಂದ ಚಾಕುವನ್ನು ರಾತ್ರಿಯಿಡೀ ಸಿಂಕ್‌ನಲ್ಲಿ ನೆನೆಹಾಕಬೇಡಿ.

ಹೊಸ ಉಕ್ಕಿನ ಒಡೆತನ ಯಾರದೆಂಬ ವಿಷಯದಲ್ಲಿ ಬ್ರಿಯರ್ಲಿಯವರಿಗೂ ಕಂಪನಿಗೂ ಮನಸ್ತಾಪ ಬೆಳೆಯಿತು. ಬಾಲ್ಯದಿಂದ ದುಡಿದ ಜಾಗವನ್ನು ಬಿಟ್ಟು ಅವರು ಬ್ರೌನ್ ಬೇಲಿ ಎಂಬ ಬೇರೆ ಉಕ್ಕಿನ ಕಾರ್ಖಾನೆ ಸೇರಿದರು. 1916ರಲ್ಲಿ ಅಮೆರಿಕದ ಪೇಟೆಂಟ್ ಅವರ ಹೆಸರಿಗೆ ಬಂತು. ಅಮೆರಿಕದ ಎಲ್ವುಡ್ ಹೇನ್ಸ್ ಇಂಥದೇ ಉಕ್ಕಿಗೆ ಹಕ್ಕು ಹೂಡಿದ್ದರು. ಜರ್ಮನಿಯ ಕ್ರುಪ್ ಕಂಪನಿ 1912ರಲ್ಲೇ ನಿಕ್ಕಲ್ ಬೆರೆತ ಉಕ್ಕಿಗೆ ಪೇಟೆಂಟ್ ಕೋರಿತ್ತು. ಆದ್ದರಿಂದ ಇದೆಲ್ಲ ಒಬ್ಬರ ಕೆಲಸ ಎನ್ನುವುದು ನ್ಯಾಯವಲ್ಲ. ಆದರೆ ಅದನ್ನು ಸಾಮಾನ್ಯರ ಊಟದ ಮೇಜಿಗೆ ತರಲು ಹಟ ಹಿಡಿದವರು ಬ್ರಿಯರ್ಲಿ.

1920ರಲ್ಲಿ ಅವರಿಗೆ ಬೆಸೆಮರ್ ಚಿನ್ನದ ಪದಕ ಸಂದಿತು. 1925ರಲ್ಲಿ ನಿವೃತ್ತರಾದರು. 1941ರಲ್ಲಿ ಆತ್ಮಕಥೆ ಪ್ರಕಟವಾಯಿತು. ಅದೇ ವರ್ಷ ಶೆಫೀಲ್ಡಿನ ಜನರ ನೆರವಿಗಾಗಿ ಫ್ರೆಶ್‌ಗೇಟ್ ಎಂಬ ದತ್ತಿ ಸಂಸ್ಥೆಯನ್ನು ಕಟ್ಟಿದರು. 1948ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕಡಲತೀರದ ಟೋರ್ಕಿ ಎಂಬ ಊರಿನಲ್ಲಿ ತೀರಿಕೊಂಡರು. ಅವರ ಆವಿಷ್ಕಾರಕ್ಕೆ ನೂರು ವರ್ಷ ತುಂಬಿದ 2013ರಲ್ಲಿ ಶೆಫೀಲ್ಡಿನ ಕಟ್ಟಡವೊಂದರ ಇಟ್ಟಿಗೆ ಗೋಡೆಯ ಮೇಲೆ ಅವರ ಚಿತ್ರವನ್ನು ಆಳೆತ್ತರಕ್ಕೂ ಎಷ್ಟೋ ಪಾಲು ದೊಡ್ಡದಾಗಿ ಬರೆಸಿದರು.