ನಿಘಂಟುಕಾರ ಜಾನ್‌ಸನ್

ಒಂದು ಇಂಗ್ಲಿಷ್ ಶಬ್ದಕ್ಕೆ ಒಂದು ಕನ್ನಡ ಶಬ್ದವನ್ನು ಬಾಯಿಪಾಠ ಮಾಡಿದರೆ ಸಾಕೆಂದು ನಾನು ಬಿ.ಎ. ಮೊದಲ ವರ್ಷದವರೆಗೂ ನಂಬಿದ್ದೆನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ತಿದ್ದುವವರು ಯಾರೂ ಇರಲಿಲ್ಲ. ಗ್ರಂಥಾಲಯದ ದಪ್ಪ ಇಂಗ್ಲಿಷ್ ನಿಘಂಟಿನಿಂದ ಅರ್ಥವಿವರಣೆಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳತೊಡಗಿದ ಮೇಲೆ, ಇಂಥ ಕೆಲಸಕ್ಕೆ ಕೈಹಾಕಿದ ಮಹಾನುಭಾವರು ಯಾರೆಂಬ ಕುತೂಹಲ ಹುಟ್ಟಿತು. ಹಾಗೆ ಪರಿಚಯವಾದವನು ಡಾಕ್ಟರ್ ಸ್ಯಾಮ್ಯುಯೆಲ್ ಜಾನ್‌ಸನ್.

ಇವನು 1709ರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಪುಸ್ತಕದ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ಎಳವೆಯಲ್ಲೇ ಗಂಡಮಾಲೆ ರೋಗ ತಗಲಿ ದೃಷ್ಟಿ ಮಂದವಾಯಿತು. 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ಇವನ ಹರಿದ ಪಾದರಕ್ಷೆಗಳನ್ನು ಕಂಡು ಯಾರೋ ಪುಣ್ಯಾತ್ಮರು ಹೊಸ ಜೋಡೊಂದನ್ನು ಕೋಣೆಯ ಬಾಗಿಲಲ್ಲಿ ಇಟ್ಟುಹೋದರೆ, ಅದನ್ನು ಎಸೆದುಬಿಟ್ಟನಂತೆ! (ನಾನಾಗಿದ್ದರೆ ಮೆಟ್ಟಿಕೊಂಡೇ ತರಗತಿಗೆ ಹೋಗುತ್ತಿದ್ದೆ.) ಹದಿಮೂರು ತಿಂಗಳಾಗುವಷ್ಟರಲ್ಲಿ ಹಣ ಮುಗಿದು, ಪದವಿಯಿಲ್ಲದೆ ಮನೆಗೆ ಮರಳಿದನು. ಈ ಭಾಗವನ್ನು ಓದಿದಾಗ, ಖರ್ಚು ನಿಭಾಯಿಸಲಾರದೆ ಎರಡನೆಯ ವರ್ಷ ಪೆಟ್ಟಿಗೆ ಹೊತ್ತು ಊರಿಗೆ ಹೊರಟುಹೋದ ನನ್ನ ಕೋಣೆಯ ಗೆಳೆಯನು ಕಣ್ಣ ಮುಂದೆ ಬಂದನು.

ಮುಂದೆ ಜಾನ್‌ಸನ್ ತೆರೆದ ಶಾಲೆಯೂ ನಡೆಯಲಿಲ್ಲ. 1737ರಲ್ಲಿ ಶಿಷ್ಯ ಡೇವಿಡ್ ಗ್ಯಾರಿಕ್‌ನೊಡನೆ ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದನು. 1746ರಲ್ಲಿ ಪುಸ್ತಕ ವ್ಯಾಪಾರಿಗಳು ಕೂಡಿ 1500 ಗಿನಿಗಳಿಗೆ ನಿಘಂಟಿನ ಕೆಲಸವನ್ನು ಒಪ್ಪಿಸಿದರು. ಮೂರು ವರ್ಷದಲ್ಲಿ ಮುಗಿಸುವೆನೆಂದವನಿಗೆ ಹತ್ತಿರ ಹತ್ತಿರ ಒಂಬತ್ತು ವರ್ಷ ಹಿಡಿಯಿತು. ಗಾಫ್ ಸ್ಕ್ವೇರಿನ ಮನೆಯ ಅಟ್ಟದ ಮೇಲೆ ಆರು ಮಂದಿ ಸಹಾಯಕರು. ಇವನು ಒಳ್ಳೆಯ ಲೇಖಕರ ಗ್ರಂಥಗಳನ್ನು ಓದುತ್ತ ಶಬ್ದಗಳಿಗೆ ಗುರುತು ಹಾಕುವನು; ಅವರು ಆ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆಯುವರು. ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು ಅರ್ಥವನ್ನು ನಿಶ್ಚಯಿಸುತ್ತಿದ್ದನು. ‘ಟೇಕ್’ ಎಂಬ ಪುಟ್ಟ ಶಬ್ದಕ್ಕೆ ನೂರಕ್ಕೂ ಮಿಕ್ಕು ಅರ್ಥಗಳನ್ನು ಬಿಡಿಸಿಟ್ಟನು. ನಾನು ಕಲಿತಿದ್ದುದು ‘ತೆಗೆದುಕೋ’ ಎಂಬುದೊಂದೇ!

1752ರಲ್ಲಿ ಹೆಂಡತಿ ತೀರಿಕೊಂಡಳು. ಕೆಲಸ ನಿಲ್ಲಲಿಲ್ಲ. 1755ರ ಏಪ್ರಿಲಿನಲ್ಲಿ 42,773 ಶಬ್ದಗಳ ನಿಘಂಟು ಎರಡು ಬೃಹತ್ ಸಂಪುಟಗಳಾಗಿ ಹೊರಬಂದಿತು. ಪದವಿಯಿಲ್ಲದೆ ಹೋದವನಿಗೆ ಆಕ್ಸ್‌ಫರ್ಡು ಅದೇ ವರ್ಷ ಎಂ.ಎ. ಪದವಿಯನ್ನಿತ್ತು ಗೌರವಿಸಿತು. ತಪ್ಪುಗಳೂ ಇದ್ದವು. ಕುದುರೆಯ ಗೊರಸಿನ ಮೇಲ್ಭಾಗದ ಹೆಸರಿಗೆ ಮೊಣಕಾಲೆಂದು ಅರ್ಥ ಕೊಟ್ಟಿದ್ದನು. ಮಹಿಳೆಯೊಬ್ಬಳು ಕೇಳಿದಾಗ ತನಗೆ ತಿಳಿದಿರಲಿಲ್ಲವೆಂದು ಒಪ್ಪಿಕೊಂಡನಂತೆ. ಇಷ್ಟಾದರೂ ಬಡತನ ನೀಗಲಿಲ್ಲ. ಮರುವರ್ಷವೇ ಸಾಲಕ್ಕಾಗಿ ಬಂಧಿತನಾದನು. 1762ರಲ್ಲಿ ವರ್ಷಕ್ಕೆ 300 ಪೌಂಡುಗಳ ರಾಜವೇತನ ದೊರೆತ ಮೇಲೆ ನೆಮ್ಮದಿ ಕಂಡನು.

1784ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಲಂಡನ್ನಿಗೆ ಜೊತೆಯಲ್ಲಿ ಬಂದಿದ್ದ ಗ್ಯಾರಿಕ್, ಐದು ವರ್ಷ ಮೊದಲೇ ಅಲ್ಲಿಗೆ ಬಂದು ಮಲಗಿದ್ದನು.